ಏಳನೇ ಫಾರಂ

ಜೂನ್ ೩, ಸೋಮವಾರ

ಅಮ್ಮ ಬೆಳಿಗ್ಗೆ ಚಿಕ್ಕಮ್ಮನ ಊರಿಗೆ ಹೊರಟಳು. ಹೆರಿಗೆಗೆ ಇನ್ನೂ ಹತ್ತು ದಿನವಿದೆ, ಆಮೇಲೆ ಬಾಣಂತನ, ಒಟ್ಟು ಒಂದೂವರೆ ತಿಂಗಳು. "ಅಪ್ಪನ್ನ ನೋಡ್ಕೋ" ಎಂದು ನನಗೆ ಹೇಳಿದಳು, "ಮಗಳನ್ನ ನೋಡ್ಕೊಳ್ಳಿ" ಎಂದು ಅಪ್ಪನಿಗೆ. ಯಾರು ಯಾರನ್ನು ನೋಡಿಕೊಳ್ಳಬೇಕು ಎನ್ನುವುದು ಬಸ್ಸು ಹೊರಟ ಮೇಲೂ ಇತ್ಯರ್ಥವಾಗಲಿಲ್ಲ.

ಈ ನೋಟುಪುಸ್ತಕ ಅಪ್ಪನೇ ಕಟ್ಟಿಕೊಟ್ಟದ್ದು. ಅಪ್ಪ ಕೆಲಸ ಮಾಡುವುದು ಬೈಂಡಿಂಗ್ ಅಂಗಡಿಯಲ್ಲಿ. ಅಲ್ಲಿ ಉಳಿದ ಕಾಗದ, ಉಳಿದ ಕಂದು ರಟ್ಟು. ನಾನು ಓದಿದ ಕಾದಂಬರಿಗಳ ಬಗ್ಗೆ ನನ್ನ ಅಭಿಪ್ರಾಯಗಳನ್ನು ಇದರಲ್ಲಿ ಬರೆಯುತ್ತೇನೆ. ಬೇರೆ ಯಾರೂ ಓದಕೂಡದು. ಕದ್ದು ಓದುತ್ತಿರುವವರು ಯಾರೇ ಆಗಲಿ, ನಾನು ಕಂಡುಹಿಡಿಯುತ್ತೇನೆ ಎನ್ನುವುದು ನೆನಪಿರಲಿ.

ಹದಿನಾರು ವರ್ಷಕ್ಕೆ ಇನ್ನೂರ ಹನ್ನೊಂದು ಕಾದಂಬರಿ ಮುಗಿಸಿದ್ದೇನೆ. ಅಷ್ಟೂ ಓದಿ ಕಲಿತದ್ದು ಒಂದೇ, ಯಾರನ್ನೂ ನಂಬಬಾರದು. ಮೊದಲ ಅಧ್ಯಾಯದಲ್ಲಿ ನಗುನಗುತ್ತಾ ಬಿಸಿ ಚಹಾ ತಂದುಕೊಡುವವರೇ ಕೊನೆಗೆ ಕೊಲೆಗಾರರಾಗುತ್ತಾರೆ.

ಜೂನ್ ೫, ಬುಧವಾರ

ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಲ್ಲಿ ಓಡುವ ಕುದುರೆಗಳು ಎರಡೇ. ಒಬ್ಬಳು ಕಣ್ಣೀರಮ್ಮ, ಇನ್ನೊಬ್ಬ ಬೀಗದ ರಾಯ. ಎರಡೂ ನಾನಿಟ್ಟ ಹೆಸರು. ಕಣ್ಣೀರಮ್ಮನ ಕಾದಂಬರಿಯಲ್ಲಿ ಸೊಸೆ ಅಳುತ್ತಾಳೆ. ಬೀಗದ ರಾಯನ ಕಾದಂಬರಿಯಲ್ಲಿ ಬೀಗ ಹಾಕಿದ ಕೋಣೆಯೊಳಗೆ ಹೆಣ ಬೀಳುತ್ತದೆ. ಇಬ್ಬರಿಗೂ ಪ್ರಕಾಶಕರು ಒಬ್ಬರೇ, ಇಬ್ಬರ ಪುಸ್ತಕವೂ ಅಪ್ಪನ ಅಂಗಡಿಯಲ್ಲೇ ಬೈಂಡ್ ಆಗುವುದು. ಕಾಗದ ಅದೇ, ಅಕ್ಷರ ಅದೇ, ದಪ್ಪವೂ ಅದೇ.

ಇವತ್ತು ಮುಗಿಸಿದ್ದು ಕಣ್ಣೀರಮ್ಮನದು. ಹೆಂಡತಿ ತವರಿಗೆ ಹೋಗುತ್ತಾಳೆ, ನಾಲ್ಕನೇ ಅಧ್ಯಾಯದಲ್ಲೇ ಗಂಡ ಕೈತಪ್ಪಿ ಹೋಗುತ್ತಾನೆ. ಹತ್ತಕ್ಕೆ ಎರಡು. ಆ ಎರಡೂ ರಟ್ಟಿನ ಬಣ್ಣಕ್ಕೆ. ಇಂಥದ್ದನ್ನು ಓದಿ ಮೂಗು ಒರೆಸಿಕೊಳ್ಳುವ ಹೆಂಗಸರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಅಪ್ಪ ಚಹಾಕ್ಕೆ ಉಪ್ಪು ಹಾಕಿದ. ಸಕ್ಕರೆ ಡಬ್ಬಿಯೂ ಉಪ್ಪಿನ ಡಬ್ಬಿಯೂ ಒಂದೇ ತರಹ ಇವೆಯಂತೆ. ಹನ್ನೆರಡು ವರ್ಷದಿಂದ ಒಂದೇ ತರಹ ಇವೆ! "ಮನಸ್ಸು ಎಲ್ಲಿತ್ತು?" ಎಂದು ಕೇಳಿದೆ. ಅಪ್ಪ ನನ್ನ ಮುಖ ನೋಡದೆ ನನ್ನ ಕಿವಿಯ ಕಡೆ ನೋಡಿ ನಕ್ಕ.

ಜೂನ್ ೮, ಶನಿವಾರ

ಬೀಗದ ರಾಯನಿಗೆ ಶರಣು! ಇಷ್ಟು ದಿನ ಆತನನ್ನು ಬೈದದ್ದೆಲ್ಲ ವಾಪಸ್ಸು.

ಹೊಸ ಕಾದಂಬರಿ "ಹದಿನೇಳನೇ ಬೀಗ". ಇನ್ಸ್‌ಪೆಕ್ಟರು ಬೀಗ ಒಡೆದು ಕೋಣೆಯ ಬಾಗಿಲು ತಳ್ಳುತ್ತಾನೆ. ತೊಂಬತ್ತಾರನೇ ಪುಟದ ಕೊನೆಯ ಸಾಲು: "ಒಳಗೆ ಅವನ ಕಣ್ಣಿಗೆ ಬಿದ್ದದ್ದು". ಪುಟ ತಿರುವಿದರೆ: "ಮೂರು ದಿನದಿಂದ ಅನ್ನ ಮುಟ್ಟದ ಸೊಸೆ". ಅಲ್ಲಿಂದ ಪುಟಗಟ್ಟಲೆ ಆ ಸೊಸೆಯ ಸಂಕಟ. ಗಂಡ ಏನನ್ನೋ ಮುಚ್ಚಿಡುತ್ತಿದ್ದಾನೆ, ಅವಳಿಗೆ ಗೊತ್ತು, ಕೇಳಲು ಬಾಯಿ ಬರುವುದಿಲ್ಲ. ಆಮೇಲೆ ನೂರ ಹದಿಮೂರನೇ ಪುಟದಲ್ಲಿ ಇನ್ಸ್‌ಪೆಕ್ಟರು ಏನೂ ಆಗಿಯೇ ಇಲ್ಲವೆಂಬಂತೆ ಜೀಪು ಹತ್ತಿ ಸಿಗರೇಟು ಹಚ್ಚುತ್ತಾನೆ. ಆ ಸೊಸೆ ಯಾರು, ಕೋಣೆಯೊಳಗೆ ಹೇಗೆ ಬಂದಳು, ಕೊನೆಯವರೆಗೂ ಹೇಳುವುದೇ ಇಲ್ಲ. ಎಂಥ ಧೈರ್ಯ! ಓದುಗರ ತಲೆಯಲ್ಲಿ ಹುಳ ಬಿಟ್ಟು ಸುಮ್ಮನಾಗುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ಹತ್ತಕ್ಕೆ ಒಂಬತ್ತು.

ಓದುವಾಗ ಕಣ್ಣಿನಲ್ಲಿ ನೀರು ಬಂತು. ಹೊಸ ಕಾಗದದ ಧೂಳು ನನಗೆ ಆಗಿಬರುವುದಿಲ್ಲ.

ಜೂನ್ ೯, ಭಾನುವಾರ

ಹೊಲಿಗೆಯಕ್ಕ ಬಂದಿದ್ದಳು. ಅಪ್ಪನ ಅಂಗಡಿಯಲ್ಲಿ ಪುಸ್ತಕ ಹೊಲಿಯುವವಳು. ಅಪ್ಪನಿಗಿಂತ ಎರಡು ವರ್ಷ ದೊಡ್ಡವಳು, ಗಂಡ ಇಲ್ಲ. ಕೈಯಲ್ಲಿ ಊಟದ ಡಬ್ಬಿ. "ಅಮ್ಮ ಇಲ್ವಲ್ಲ ಮರಿ, ಅದಕ್ಕೇ ತಂದೆ" ಎಂದಳು. ನಮಗೆ ಅಡುಗೆ ಬರುವುದಿಲ್ಲವೆಂದು ಯಾರು ಹೇಳಿದರು? ಬಾಗಿಲಲ್ಲಿ ನಿಂತು ಅಪ್ಪನ ಜೊತೆ ಪಿಸಪಿಸ ಮಾತಾಡಿದಳು. ನಾನು ಹತ್ತಿರ ಹೋದ ಕೂಡಲೇ ಇಬ್ಬರೂ ಬಾಯಿಗೆ ಬೀಗ. ನನ್ನ ಕಿವಿಗೆ ಬಿದ್ದದ್ದು ಅವಳ ಒಂದೇ ವಾಕ್ಯ: "ಎಷ್ಟು ದಿನ ಅಂತ ಮುಚ್ಚಿಡ್ತೀಯ?"

ಅಪ್ಪ ಅವಳನ್ನು "ಅಕ್ಕಾ" ಎಂದೇ ಕರೆಯುತ್ತಾನೆ. ಅದಕ್ಕೇನಂತೆ, ಕಣ್ಣೀರಮ್ಮನ ಕಾದಂಬರಿಗಳಲ್ಲಿ ನಾಲ್ಕನೇ ಅಧ್ಯಾಯದವರೆಗೂ ಎಲ್ಲರೂ ಅಕ್ಕಂದಿರೇ.

ಊಟ ಚೆನ್ನಾಗಿತ್ತು. ಅದೇ ಅನುಮಾನ.

ಜೂನ್ ೧೩, ಗುರುವಾರ

ಕಳ್ಳ! ಬೀಗದ ರಾಯ ಕಳ್ಳ!

ಲೈಬ್ರರಿಯಿಂದ ಕಣ್ಣೀರಮ್ಮನ "ಒದ್ದೆ ಸೆರಗಿನ ಸೊಸೆ" ತಂದಿದ್ದೆ. ತೊಂಬತ್ತೇಳನೇ ಪುಟಕ್ಕೆ ಬಂದರೆ: "ಮೂರು ದಿನದಿಂದ ಅನ್ನ ಮುಟ್ಟದ ಸೊಸೆ". ಅಕ್ಷರ ಅಕ್ಷರ ಅದೇ, ನೂರ ಹನ್ನೆರಡನೇ ಪುಟದವರೆಗೂ ಅದೇ. ನಾನು ಒಂಬತ್ತು ಅಂಕ ಕೊಟ್ಟದ್ದು ಕಣ್ಣೀರಮ್ಮನಿಗೆ! ನನ್ನ ಕಿವಿಗೆ ಹೂ ಇಟ್ಟವರು ಯಾರು?

ಓಡಿಹೋಗಿ ಲೈಬ್ರರಿಯವನನ್ನು ಕೇಳಿದೆ. ಆತ ಇನ್ನೆರಡು ಪುಸ್ತಕ ನನ್ನ ಮುಂದೆ ತಂದು ಕುಕ್ಕಿದ. "ನೋಡಮ್ಮ, ಗಿರಾಕಿಗಳು ವಾಪಸ್ ತಂದಿದ್ದು. ಒಂದರಲ್ಲಿ ಅರವತ್ತೈದರಿಂದ ಎಂಬತ್ತರವರೆಗೆ ಎರಡೆರಡು ಸಲ ಇದೆ. ಇನ್ನೊಂದರಲ್ಲಿ ನೂರ ಇಪ್ಪತ್ತೊಂಬತ್ತರಿಂದ ತಲೆಕೆಳಗು. ನಿಮ್ಮಪ್ಪನ ಅಂಗಡಿಯಲ್ಲಿ ಏನ್ ನಡೀತಿದೆ?" ಎಂದ.

ಏನು ನಡೆಯುತ್ತಿದೆ ಎಂದು ನನಗೂ ಗೊತ್ತಾಗಬೇಕಿದೆ.

ಜೂನ್ ೧೪, ಶುಕ್ರವಾರ

ಚಿಕ್ಕಮ್ಮನಿಗೆ ಹೆಣ್ಣುಮಗು. ಅಮ್ಮ ಫೋನಿನಲ್ಲಿ ಅಪ್ಪನನ್ನು "ಎಲ್ಲಾ ಸರಿಯಾಗಿದ್ಯಾ?" ಎಂದು ಕೇಳಿದಳು. "ಇಲ್ಲಿ ಎಲ್ಲಾ ಚೆನ್ನಾಗಿದೆ, ನೀನು ಯೋಚನೆ ಮಾಡ್ಬೇಡ" ಎಂದ ಅಪ್ಪ. ಮಗುವಿನ ಫೋಟೋ ಬಂತು. ಅಪ್ಪ ಅದನ್ನು ಒಂದು ಕ್ಷಣ ಹಿಡಿದು, "ಯಾರ ಹಾಗಿದೆ ಹೇಳು" ಎಂದು ಫೋನನ್ನು ನನ್ನ ಕೈಗೇ ಕೊಟ್ಟ. ಮಗು ನೋಡುವಷ್ಟು ಪುರುಸೊತ್ತಿಲ್ಲವೇ?

ಜೂನ್ ೧೫, ಶನಿವಾರ

ನೋಡಿದೆ. ಕಣ್ಣಾರೆ ನೋಡಿದೆ.

ಅಂಗಡಿ ಬಿಡುವ ಹೊತ್ತಿಗೆ ದೊಡ್ಡ ರಸ್ತೆಯ ಔಷಧಿ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಸಂಜೆ ಮಬ್ಬು, ದೀಪ ಇನ್ನೂ ಹತ್ತಿರಲಿಲ್ಲ. ಅಪ್ಪ ಮತ್ತು ಆ ಹೆಂಗಸು ಒಟ್ಟಿಗೆ ಬಂದರು. ರಸ್ತೆ ದಾಟುವಾಗ ಅವಳು ಅಪ್ಪನ ತೋಳು ಹಿಡಿದುಕೊಂಡಳು. ದಾಟಿದ ಮೇಲೂ ಬಿಡಲಿಲ್ಲ. ನಮ್ಮ ಬೀದಿಯ ತಿರುವಿನವರೆಗೂ ಹಿಡಿದೇ ಬಂದು ಅಲ್ಲಿ ಬಿಟ್ಟಳು, ನಾನು ಬಾಗಿಲಲ್ಲಿ ಇರುತ್ತೇನೆಂದು ಗೊತ್ತಲ್ಲ.

ಅಮ್ಮನಿಗೆ ಹೇಳಲಾರೆ. ಅಲ್ಲಿ ಹಸುಗೂಸು ಇದೆ. ಇಂದು ಯಾವ ಪುಸ್ತಕವೂ ಬೇಡ.

ಜೂನ್ ೧೬, ಭಾನುವಾರ

ಡಬ್ಬಿ ಬಂತು. ಮುಟ್ಟಲಿಲ್ಲ.

ಜೂನ್ ೧೭, ಸೋಮವಾರ

ಊಟ ಮಾಡುವಾಗ ಅಪ್ಪನನ್ನು ಸುಮ್ಮನೆ ಕೇಳಿದ ಹಾಗೆ ಕೇಳಿದೆ. "ಅಪ್ಪಾ, ಒಂದು ಫಾರಂ ಅಂದ್ರೆ ಎಷ್ಟು ಪುಟ?"

"ಹದಿನಾರು. ಒಂದು ದೊಡ್ಡ ಹಾಳೆ ಮಡಚಿದ್ರೆ ಹದಿನಾರು ಪುಟ. ಯಾಕೆ?"

"ಸುಮ್ನೆ. ಯಾವ ಫಾರಂ ಮೊದಲು, ಯಾವುದು ಆಮೇಲೆ ಅಂತ ಹೇಗೆ ಗೊತ್ತಾಗುತ್ತೆ?"

"ಮೊದಲ ಪುಟದ ಕೆಳಗೆ ಸಣ್ಣದಾಗಿ ಪುಸ್ತಕದ ಹೆಸರು, ಫಾರಂ ನಂಬರು ಹಾಕಿರ್ತಾರೆ" ಎಂದ ಅಪ್ಪ. "ತುಂಬಾ ಸಣ್ಣದು." ಅಷ್ಟು ಹೇಳಿ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕುಳಿತ.

ತೊಂಬತ್ತೇಳರಿಂದ ನೂರ ಹನ್ನೆರಡು, ಹದಿನಾರು ಪುಟ. ಏಳನೇ ಫಾರಂ. ಅರವತ್ತೈದರಿಂದ ಎಂಬತ್ತು ಐದನೆಯದು. ತಲೆಕೆಳಗಾದದ್ದು ಒಂಬತ್ತನೆಯದು. ಪಾಪ, ಬೀಗದ ರಾಯ ಕಳ್ಳನಲ್ಲ. ಕಳ್ಳತನ ನಡೆಯುತ್ತಿರುವುದು ಬೈಂಡಿಂಗ್ ಅಂಗಡಿಯಲ್ಲಿ.

ಈಗ ತರ್ಕ. ಅಂಗಡಿಯಲ್ಲಿ ಫಾರಂಗಳನ್ನು ಒಂದರ ಮೇಲೊಂದು ಜೋಡಿಸುವವನು ಅಪ್ಪ. ಜೋಡಿಸಿದ ಕಟ್ಟು ನೇರವಾಗಿ ಹೋಗುವುದು ಹೊಲಿಗೆಯಕ್ಕನ ಮೇಜಿಗೆ. ಇಪ್ಪತ್ತೆರಡು ವರ್ಷದಲ್ಲಿ ಅಪ್ಪನ ಕೈಯಿಂದ ಒಂದೇ ಒಂದು ಫಾರಂ ತಪ್ಪಿಲ್ಲ. ಇದನ್ನು ಯಜಮಾನರೇ ಹತ್ತು ಸಲ ಹೇಳಿದ್ದಾರೆ. ಅಂದಮೇಲೆ ಅದಲುಬದಲು ಮಾಡುತ್ತಿರುವುದು ಹೊಲಿಯುವವಳು. ಯಾಕೆ? ಪುಸ್ತಕ ಕೆಡಿಸಬೇಕು, ಸರಿಮಾಡುವ ನೆಪದಲ್ಲಿ ಅಪ್ಪನನ್ನು ಸಂಜೆ ಉಳಿಸಿಕೊಳ್ಳಬೇಕು. ಬೀಗದ ರಾಯನಿಗೂ ಇಷ್ಟು ಚೊಕ್ಕವಾದ ಕಥೆ ಹೊಳೆಯುತ್ತಿರಲಿಲ್ಲ.

ಜೂನ್ ೧೯, ಬುಧವಾರ

ಪತ್ರ ಬರೆದೆ. ಬೈಂಡಿಂಗ್ ಅಂಗಡಿಯ ಯಜಮಾನರಿಗೆ. ಮೂರು ಪುಸ್ತಕದ ಹೆಸರು, ಪುಟಸಂಖ್ಯೆ, ಫಾರಂ ಸಂಖ್ಯೆ. "ಇದು ಕೈತಪ್ಪಿನಿಂದ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನಿಮ್ಮ ಹೊಲಿಗೆಯವಳ ಮೇಲೆ ಕಣ್ಣಿಡಿ. ನಂಬಲಾಗದ ಹೆಂಗಸು." ಕೆಳಗೆ: ಒಬ್ಬ ಹಿತೈಷಿ.

ಹಿತೈಷಿ ಎನ್ನುವ ಪದ ಬೀಗದ ರಾಯನಿಂದ ಕಲಿತದ್ದು. ಇವತ್ತೇ ಅಂಚೆಡಬ್ಬಿಗೆ ಹಾಕಿ ಬಂದೆ. ಮನೆಗೆ ಬಂದು ಕೈ ಎರಡು ಸಲ ತೊಳೆದುಕೊಂಡೆ. ಅಂಟು ಹತ್ತಿತ್ತು.

ಅವಳ ಕೆಲಸ ಹೋದರೆ ಹೋಗಲಿ. ನಮ್ಮ ಮನೆ ಉಳಿಯಬೇಕು.

ಜೂನ್ ೨೧, ಶುಕ್ರವಾರ

ಇನ್ನೂ ಏನೂ ಆಗಿಲ್ಲ. ಬೀಗದ ರಾಯನ ಹಳೆಯದೊಂದನ್ನು ಅರ್ಧ ಓದಿ ಇಟ್ಟೆ. ಎಲ್ಲರೂ ಬರೀ ಓಡುತ್ತಾರೆ. ಯಾರಿಗೂ ಸುಸ್ತಾಗುವುದಿಲ್ಲ.

ಜೂನ್ ೨೨, ಶನಿವಾರ

ಅಪ್ಪ ಒಬ್ಬನೇ ಬಂದ. ಮೆಟ್ಟಿಲಲ್ಲಿ ಎಡವಿದ. ಊಟ ಬೇಡವೆಂದ. "ಏನಾಯ್ತು?" ಎಂದರೆ "ಯಜಮಾನ್ರಿಗೆ ಯಾರೋ ಕಾಗದ ಬರೆದಿದ್ದಾರೆ. ಎಲ್ಲರ ಮುಂದೆ ಓದಿದ್ರಂತೆ. ನಾನು ಗೋದಾಮಿನಲ್ಲಿದ್ದೆ, ಕೇಳಿಸ್ಕೊಳ್ಳಲಿಲ್ಲ. ಅಕ್ಕ ತಪ್ಪೊಪ್ಪಿಕೊಂಡ್ರಂತೆ. ಸೋಮವಾರದಿಂದ ಅವರು ಬರೋದು ಬೇಡವಂತೆ" ಎಂದ.

ಒಪ್ಪಿಕೊಂಡಳು! ನನ್ನ ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಖುಷಿಯಾಗಬೇಕಿತ್ತು. ಅಪ್ಪನ ಮುಖ ನೋಡಿ ಆಗಲಿಲ್ಲ.

ಜೂನ್ ೨೩, ಭಾನುವಾರ

ಇವತ್ತಿನದನ್ನು ನಡೆದ ಹಾಗೆಯೇ ಬರೆಯಬೇಕು.

ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅಪ್ಪ ಕಿಟಕಿಯ ಪಕ್ಕ ಕುಳಿತು ಜೇಬಿನಿಂದ ಮಡಚಿದ ಕಾಗದ ತೆಗೆದ. ತಿರುಗಿಸಿದ, ಹತ್ತಿರ ಹಿಡಿದ, ದೂರ ಹಿಡಿದ. ಆಮೇಲೆ ನನ್ನನ್ನು ಕರೆದ. "ಇದನ್ನ ಯಜಮಾನ್ರ ಹತ್ರ ಕೇಳಿ ತಂದೆ. ಸ್ವಲ್ಪ ಓದಿ ಹೇಳು."

ನನ್ನ ಪತ್ರ. ನನ್ನದೇ ಅಕ್ಷರ. ನಿನ್ನೆಯಿಂದ ಅಪ್ಪನ ಜೇಬಿನಲ್ಲಿತ್ತು. ನಾನು ಒಂದನೇ ತರಗತಿಯಲ್ಲಿ ಬರೆದ ಕಾಪಿಪುಸ್ತಕವನ್ನೂ ಬೈಂಡ್ ಮಾಡಿಸಿ ಇಟ್ಟುಕೊಂಡಿರುವ ಮನುಷ್ಯ, ನನ್ನ ಅಕ್ಷರವನ್ನು ಕಣ್ಣಿನ ಮುಂದೆ ಹಿಡಿದುಕೊಂಡು, ಓದು ಎನ್ನುತ್ತಿದ್ದಾನೆ.

"ನೀನೇ ಓದ್ಕೋಬಹುದಲ್ಲ" ಎಂದೆ. ನನ್ನ ದನಿ ನನಗೇ ಬೇರೆಯವರದರ ಹಾಗೆ ಕೇಳಿಸಿತು.

"ಓದೋಕಾಗಿದ್ರೆ ಕೇಳ್ತಿದ್ನಾ" ಎಂದ ಅಪ್ಪ.

ಓದಿದೆ. ಪುಸ್ತಕದ ಹೆಸರು, ಪುಟ, ಫಾರಂ. ನಂಬಲಾಗದ ಹೆಂಗಸು ಎನ್ನುವಲ್ಲಿ ನಿಂತುಬಿಟ್ಟೆ. "ಮುಂದೆ?" ಎಂದ. "ಒಬ್ಬ ಹಿತೈಷಿ" ಎಂದೆ.

ಅಪ್ಪ ಕಿಟಕಿಯ ಕಡೆ ತಿರುಗಿದ. ಆಮೇಲೆ ಹೇಳಿದ. "ಮೂರೂ ನಾನೇ ಜೋಡಿಸಿದ್ದು."

ನಾಲ್ಕು ತಿಂಗಳಿಂದ ಹೀಗಂತೆ. "ನಟ್ಟನಡುವೆ ಮಸಿ ಚೆಲ್ಲಿದ ಹಾಗೆ. ಯಾವುದನ್ನ ನೋಡ್ಬೇಕು ಅಂತ ನೋಡ್ತೀನೋ ಅದೇ ಕಾಣಲ್ಲ, ಪಕ್ಕದ್ದು ಕಾಣುತ್ತೆ. ನಿನ್ನ ಮುಖ ಕಾಣ್ಬೇಕು ಅಂದ್ರೆ ನಿನ್ನ ಕಿವಿ ನೋಡ್ಬೇಕು." ಎರಡೂ ಕಾದಂಬರಿಯ ಫಾರಂಗಳು ಅಕ್ಕಪಕ್ಕದ ರಾಶಿಯಲ್ಲಿ ಇದ್ದವಂತೆ. ಬೆರಳಿಗೆ ಎರಡೂ ಒಂದೇ. ಹೊಲಿಗೆಯಕ್ಕನಿಗೆ ಮೊದಲ ವಾರದಲ್ಲೇ ಗೊತ್ತಾಯಿತಂತೆ. ಅಂದಿನಿಂದ ಅಪ್ಪ ಜೋಡಿಸಿದ ಪ್ರತಿಯೊಂದು ಕಟ್ಟನ್ನೂ ಹೊಲಿಯುವ ಮುಂಚೆ ಅವರು ಮತ್ತೆ ನೋಡುತ್ತಿದ್ದರು, ಊಟದ ಬಿಡುವಿನಲ್ಲೂ ನೋಡುತ್ತಿದ್ದರು. ಸಾವಿರಾರು ಪುಸ್ತಕದಲ್ಲಿ ಮೂರು ಅವರ ಕೈಯನ್ನೂ ದಾಟಿ ಹೋಗಿವೆ. ಸಂಜೆ ಮಬ್ಬಿನಲ್ಲಿ ಅಪ್ಪನಿಗೆ ಇನ್ನೂ ಕಷ್ಟ, ಅದಕ್ಕೇ ತಿರುವಿನವರೆಗೆ ತೋಳು ಹಿಡಿದು ಕರೆತರುತ್ತಿದ್ದರು. ತಿರುವಿನಿಂದ ಮನೆಗೆ ಅಪ್ಪನಿಗೆ ಹೆಜ್ಜೆಯ ಲೆಕ್ಕ ಇದೆ.

"ಅಮ್ಮನಿಗೆ?"

"ಅವಳು ತಂಗಿಯ ಹೆರಿಗೆ ಮುಗಿಸಿ ಬರ್ಲಿ ಅಂತ."

ಆಗ ಹೇಳಿದೆ. "ಅಪ್ಪಾ, ಈ ಕಾಗದ ಬರೆದಿದ್ದು ನಾನು."

ಅಪ್ಪ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. "ಯಾಕೆ?" ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಎಲ್ಲ ಹೇಳಿದೆ, ತೋಳು ಹಿಡಿದದ್ದು, ಪಿಸುಮಾತು, ನಾಲ್ಕನೇ ಅಧ್ಯಾಯ. ಅಪ್ಪನಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದಾಗ ನಗಲು ಶುರುಮಾಡಿದ, ಕೆಮ್ಮು ಬರುವವರೆಗೂ ನಕ್ಕ. "ಅಕ್ಕನ ಜೊತೇನಾ? ನಾನು ತಡ ಮಾಡಿದ್ರೆ ಅಳತೆಪಟ್ಟಿಯಲ್ಲಿ ಬೀಸ್ತಾರೆ ಕಣೇ ಅವರು!" ಎಂದ. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡ. ಎಷ್ಟು ಹೊತ್ತು ಒರೆಸಿಕೊಂಡನೆಂದರೆ ಅದು ನಗುವಿನ ನೀರಲ್ಲ ಎಂದು ಗೊತ್ತಾಯಿತು.

"ನಾಳೆ ಹೋಗಿ ಹೇಳ್ತೀನಿ" ಎಂದ. "ನನಗೋಸ್ಕರ ಅವರ ಅನ್ನ ಹೋಗ್ಬಾರ್ದು."

ಹೇಳಿದರೆ ಅಪ್ಪನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವರದು ಹೋಗುತ್ತದೆ. ನಾನು ಓದಿದ ಇನ್ನೂರ ಹದಿನೈದರಲ್ಲಿ ಇಂಥ ಜಾಗದಲ್ಲಿ ಯಾರಾದರೂ ಜೀಪಿನಲ್ಲಿ ಬಂದು ಕಾಪಾಡುತ್ತಾರೆ.

ಜೂನ್ ೨೪, ಸೋಮವಾರ

ಶಾಲೆಗೆ ಹೋಗಲಿಲ್ಲ. ಅಪ್ಪ ಬೇಡವೆಂದರೂ ಜೊತೆಗೆ ಹೋದೆ. ರಸ್ತೆ ದಾಟುವಾಗ ತೋಳು ಹಿಡಿದುಕೊಂಡೆ.

ಅಂಗಡಿಯಲ್ಲಿ ಅಂಟಿನ ವಾಸನೆ, ಕತ್ತರಿಸಿದ ಕಾಗದದ ಚೂರು ನೆಲದ ತುಂಬ. ಹೊಲಿಗೆಯಕ್ಕ ತಮ್ಮ ಸಾಮಾನು ತೆಗೆದುಕೊಳ್ಳಲು ಬಂದಿದ್ದರು. ಕತ್ತರಿ, ಮೇಣದ ಉಂಡೆ, ಸೂಜಿಗಳ ಡಬ್ಬಿ, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತುತ್ತಿದ್ದರು. ನಾನು ಯಜಮಾನರ ಮೇಜಿನ ಮುಂದೆ ನಿಂತೆ. ಪತ್ರವನ್ನು ಎಲ್ಲರ ಮುಂದೆ ಓದಿದ್ದರು, ಹಾಗಾಗಿ ನಾನೂ ಎಲ್ಲರಿಗೂ ಕೇಳಿಸುವಂತೆ ಹೇಳಬೇಕಿತ್ತು.

"ಆ ಕಾಗದ ಬರೆದಿದ್ದು ನಾನು. ಅಕ್ಕನ ಬಗ್ಗೆ ಬರೆದಿದ್ದೆಲ್ಲ ಸುಳ್ಳು. ತಪ್ಪು ಅವರದಲ್ಲ."

ಹನ್ನೊಂದು ಜನರ ಕೈ ಒಮ್ಮೆಗೇ ನಿಂತಿತು. ಯಜಮಾನರು ಕನ್ನಡಕ ತೆಗೆದರು. "ಅವರದಲ್ಲ ಅಂದ್ರೆ ಮತ್ಯಾರದು?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಬ್ಬರ ಮೇಲಿನ ಮಾತು ತೆಗೆಯಬೇಕೆಂದರೆ ಇನ್ನೊಬ್ಬರ ಮೇಲೆ ಹಾಕಲೇಬೇಕು, ಆ ಇನ್ನೊಬ್ಬ ನನ್ನ ಬೆನ್ನ ಹಿಂದೆಯೇ ನಿಂತಿದ್ದಾನೆ. ಬಾಯಿ ತೆರೆದೆ.

"ನಂದು" ಎಂದ ಅಪ್ಪ. "ನಂಗೆ ಕಣ್ಣು ಕಾಣಿಸ್ತಿಲ್ಲ, ಸಾರ್. ನಾಲ್ಕು ತಿಂಗಳಾಯ್ತು."

ಯಜಮಾನರು ಕನ್ನಡಕವನ್ನು ಮೇಜಿನ ಮೇಲಿಟ್ಟರು. "ಇಪ್ಪತ್ತೆರಡು ವರ್ಷ ನನ್ನ ಹತ್ರ ಇದ್ದು, ಇದನ್ನ ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದರು. ಕೋಪವೋ ಬೇಸರವೋ ಗೊತ್ತಾಗಲಿಲ್ಲ. "ಇನ್ನು ಮೇಲೆ ನೀನು ಫಾರಂ ಜೋಡಿಸೋ ಹಾಗಿಲ್ಲ."

ಆಗ ಹೊಲಿಗೆಯಕ್ಕ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. "ಜೋಡ್ಸೋದು ಬೇಡ. ನನ್ನ ಜಾಗದಲ್ಲಿ ಕೂರ್ಲಿ. ಹೊಲಿಗೆ ಬೆರಳಿಗೆ ಗೊತ್ತಾಗೋ ಕೆಲಸ, ನಾನು ಎಷ್ಟೋ ಸಲ ಕಣ್ಣು ಮುಚ್ಚಿಕೊಂಡೇ ಹೊಲಿದಿದ್ದೀನಿ. ಫಾರಂ ನಾನು ಜೋಡಿಸ್ತೀನಿ. ಈ ನಾಲ್ಕು ತಿಂಗಳು ಮಾಡಿದ್ದೂ ಅದೇ ತಾನೇ?"

ಯಜಮಾನರು ಒಂದು ತಿಂಗಳು ನೋಡೋಣ ಎಂದರು. ಅದಕ್ಕೂ ಮುಂಚೆ ಕಣ್ಣಿನ ಆಸ್ಪತ್ರೆಗೆ ಹೋಗಿಬರಬೇಕು, ಅಮ್ಮನಿಗೆ ಇವತ್ತೇ ಫೋನ್ ಮಾಡಬೇಕು. ಅಪ್ಪ ಎರಡಕ್ಕೂ ತಲೆಯಾಡಿಸಿದ. ಒಂದು ತಿಂಗಳಾದ ಮೇಲೆ ಏನು ಎಂದು ನಾನು ಕೇಳಲಿಲ್ಲ.

ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತಿರುಗಿದ ಮೇಲೆ ನಾನು ಹೊಲಿಗೆಯಕ್ಕನ ಹತ್ತಿರ ಹೋದೆ. ಕ್ಷಮೆ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ನಾಲ್ಕು ವಾಕ್ಯ ಕಟ್ಟಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಅವರು ನನ್ನ ಕಡೆ ನೋಡದೆಯೇ ಗೋಡೆಯ ಕಪಾಟುಗಳತ್ತ ಕೈ ತೋರಿಸಿದರು. ಪ್ರತಿ ಖಾನೆಯ ಮೇಲೂ ಅಂಟಿಸಿದ ಚೀಟಿ, ದಾರ, ಕ್ಯಾನ್ವಾಸು, ರಟ್ಟು ದಪ್ಪದ್ದು, ರಟ್ಟು ತೆಳುವಿನದ್ದು. ಹೋದ ವರ್ಷ ರಜೆಯಲ್ಲಿ ಅಷ್ಟನ್ನೂ ಬರೆದುಕೊಟ್ಟದ್ದು ನಾನೇ.

"ದಿನಾ ಇದನ್ನೇ ನೋಡ್ಕೊಂಡು ಕೆಲಸ ಮಾಡ್ತೀನಿ" ಎಂದರು. "ಯಜಮಾನ್ರು ಕಾಗದ ಬಿಚ್ಚಿದ ಕೂಡಲೇ ಗೊತ್ತಾಯ್ತು, ಯಾರ ಅಕ್ಷರ ಅಂತ."

"ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೆ ನಿಮ್ಮ ಮೇಲೇ ಹಾಕ್ಕೊಂಡ್ರಿ?"

"ಹೇಳಿದ್ರೆ?" ಎಂದರು. "ನಾಳೆಯಿಂದ ನಿಮ್ಮಪ್ಪ ಏನಾದ್ರೂ ಓದಿಸ್ಕೋಬೇಕು ಅಂದ್ರೆ ಯಾರನ್ನ ನಂಬಬೇಕಿತ್ತು?"

ಅವರು ಸೂಜಿಗೆ ದಾರ ಪೋಣಿಸಿ ಅಪ್ಪನ ಕೈಗೆ ಕೊಟ್ಟು, ನನಗೆ ಕೂರಲು ಒಂದು ಮಣೆ ಎಳೆದು ಹಾಕಿದರು.